ಹೊಸ ಉಪ್ಪುನೀರಿನ ಪೂಲ್: ಮೊದಲ ತಿಂಗಳು ನೀರನ್ನು ಹದಕ್ಕೆ ತರುವುದು ಹೀಗೆ

ಉಪ್ಪುನೀರಿನ ಪೂಲ್ ಆದರೆ ಕ್ಲೋರಿನ್ ಗೊಡವೆ ಇಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಅದು ನಿಜವಲ್ಲ. ಇದೂ ಕ್ಲೋರಿನ್ ಪೂಲೇ. ಕರಗಿದ ಉಪ್ಪು ಸೆಲ್ (ಪೂಲ್ ನೀರು ಹಾದುಹೋಗುವ, ಕ್ಲೋರಿನ್ ತಯಾರಿಸುವ ಮೆಷಿನ್ ಭಾಗ) ಒಳಗಿನ ಪ್ಲೇಟುಗಳ ನಡುವೆ ಹಾದುಹೋಗುವಾಗ ಕರೆಂಟ್ ಅದರಿಂದ ಕ್ಲೋರಿನ್ ತೆಗೆಯುತ್ತದೆ, ಅಷ್ಟೇ. ಕ್ಯಾನ್‌ನಲ್ಲಿ ತಂದು ಸುರಿಯಬೇಕಾಗಿದ್ದದ್ದು ಪಂಪ್ ರೂಮಿನಲ್ಲೇ ತಯಾರಾಗುತ್ತದೆ. ಆದರೆ ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಅನ್ನುವ ಅಳತೆ), ಅಲ್ಕಲಿನಿಟಿ (ಆಸಿಡ್ ಬಿದ್ದರೂ ಪಿಎಚ್ ತಟ್ಟನೆ ಬದಲಾಗದಂತೆ ತಡೆಯುವ ನೀರಿನ ಗುಣ), ಗಡಸುತನ (ನೀರಿನಲ್ಲಿ ಕರಗಿದ ಕ್ಯಾಲ್ಸಿಯಂನಂಥ ಸುಣ್ಣದ ಅಂಶ) ಇವನ್ನು ಆ ಮೆಷಿನ್ ನೋಡಿಕೊಳ್ಳುವುದಿಲ್ಲ. ಅದು ನಮ್ಮ ಕೆಲಸ. ಅದಕ್ಕೇ ಹೇಳುವುದು, ಉಪ್ಪು ಕೊನೆಗೆ ಹಾಕಿ. ಮೊದಲು ನೀರು ಸರಿಯಾಗಲಿ.

ಲೆಕ್ಕಕ್ಕೆ ಒಂದು ಪೂಲ್ ಇಟ್ಟುಕೊಳ್ಳೋಣ. ಬೆಂಗಳೂರಿನ ಹೊರವಲಯದ ತೋಟದ ಮನೆ, ಟೈಲ್ಸ್ ಹಾಕಿದ ಪೂಲ್, 8 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ ಆಳ 1.25 ಮೀಟರ್. ಅಂದರೆ 50,000 ಲೀಟರ್. ನೆನಪಿಡಬೇಕಾದ ಸೂತ್ರ ಒಂದೇ: 1,000 ಲೀಟರ್‌ಗೆ 1 ಗ್ರಾಂ ಹಾಕಿದರೆ 1 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ನಿಮ್ಮ ಪೂಲ್ ಎಷ್ಟು ಲೀಟರ್ ಅಂತ ಸರಿಯಾಗಿ ಗೊತ್ತಿಲ್ಲದಿದ್ದರೆ ಮುಂದಿನ ಯಾವ ಲೆಕ್ಕವೂ ಕೂಡಿಬರಲ್ಲ, ಆದ್ದರಿಂದ ಟೇಪ್ ಹಿಡಿದು ಅಳೆಯಿರಿ.

ತುಂಬಿಸುವ ಮೊದಲೇ ನೀರನ್ನು ಪರೀಕ್ಷೆ ಮಾಡಿಸಿ. ನಮ್ಮ ಕಡೆ ಬೋರ್‌ವೆಲ್ ನೀರು ಎಂಥದ್ದು ಅಂತ ಬಚ್ಚಲಮನೆಯ ನಲ್ಲಿ ನೋಡಿದರೇ ಗೊತ್ತಾಗುತ್ತದೆ, ಬಿಳಿ ಪೊರೆ ಕಟ್ಟಿರುತ್ತದೆ. ಗಡಸುತನ, ಅಲ್ಕಲಿನಿಟಿ ಎರಡೂ 300 ಪಿಪಿಎಂ ದಾಟಿರುವುದು ಅಪರೂಪವೇನಲ್ಲ. ಟ್ಯಾಂಕರ್ ನೀರೂ ಬಹುಪಾಲು ಬೋರ್‌ವೆಲ್‌ನದ್ದೇ. ಕಬ್ಬಿಣದ ಅಂಶ ಇದೆಯಾ ಅಂತ ನೋಡಲು ಸುಲಭದ ದಾರಿ ಇದೆ. ಒಂದು ಬಿಳಿ ಬಕೆಟ್‌ನಲ್ಲಿ ನೀರು ಹಿಡಿದು ಒಂದು ಚಮಚ ಲಿಕ್ವಿಡ್ ಕ್ಲೋರಿನ್ ಹಾಕಿ ಸ್ವಲ್ಪ ಹೊತ್ತು ಬಿಡಿ. ನೀರು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಕಬ್ಬಿಣ ಇದೆ. ಅಂಥ ನೀರನ್ನು ಫಿಲ್ಟರ್ ಮಾಡದೆ ತುಂಬಿಸಿದರೆ ಕ್ಲೋರಿನ್ ಬಿದ್ದ ದಿನವೇ ಹೊಸ ಗ್ರೌಟ್ (ಟೈಲ್ಸ್ ಸಂದಿಗೆ ತುಂಬುವ ಸಿಮೆಂಟ್) ಮೇಲೆ ಕಂದು ಕಲೆ ಕೂರುತ್ತದೆ, ಆಮೇಲೆ ತೆಗೆಯುವುದು ಬಹಳ ಕಷ್ಟ.

ತುಂಬಿಸಿದ ಮೇಲೆ ಮೊದಲು ಅಲ್ಕಲಿನಿಟಿ. ಉಪ್ಪುನೀರಿನ ಪೂಲ್‌ಗೆ 60ರಿಂದ 80 ಪಿಪಿಎಂ ಸಾಕು. ಇದಕ್ಕಿಂತ ಜಾಸ್ತಿ ಇದ್ದರೆ ಪಿಎಚ್ ಸುಮ್ನೆ ಏರುತ್ತಲೇ ಇರುತ್ತದೆ. ಯಾಕಂದರೆ ಸೆಲ್‌ನಲ್ಲಿ ಹೈಡ್ರೋಜನ್ ಗುಳ್ಳೆಗಳು ಏಳುತ್ತವೆ, ಅವುಗಳ ಜೊತೆ ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಅದು ಹೋದಷ್ಟೂ ಪಿಎಚ್ ಮೇಲೇರುತ್ತದೆ. ಅಲ್ಕಲಿನಿಟಿ ಇಳಿಸಲು ಹೈಡ್ರೋಕ್ಲೋರಿಕ್ ಆಸಿಡ್ ಬೇಕು. ನಮ್ಮ 50,000 ಲೀಟರ್‌ನಲ್ಲಿ 10 ಪಿಪಿಎಂ ಇಳಿಸಲು 33% ಆಸಿಡ್ ಹತ್ತಿರ ಹತ್ತಿರ 1 ಲೀಟರ್. ಬೋರ್‌ವೆಲ್ ನೀರು 300ರಲ್ಲಿದ್ದರೆ 80ಕ್ಕೆ ತರಲು 20 ಲೀಟರ್‌ಗೂ ಮೇಲೆ ಬೇಕಾಗುತ್ತದೆ. ಅಷ್ಟನ್ನೂ ಒಂದೇ ದಿನ ಸುರಿಯಬಾರದು. ದಿನಕ್ಕೆ ಒಂದೆರಡು ಲೀಟರ್ ಹಾಕಿ, ಪಿಎಚ್ 7.0ಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಳ್ಳಿ. ನೀರು ವಾಪಸ್ ಬರುವ ಜೆಟ್‌ಗಳನ್ನು ಮೇಲಕ್ಕೆ ತಿರುಗಿಸಿ ನೀರು ಚಿಮ್ಮುವಂತೆ ಮಾಡಿದರೆ ಪಿಎಚ್ ತಾನಾಗಿ ಮತ್ತೆ ಏರುತ್ತದೆ, ಆಗ ಮುಂದಿನ ಕಂತು ಹಾಕಿ. ತಾಳ್ಮೆ ಬೇಕಾಗುವುದು ಇಲ್ಲೇ. ಮಳೆನೀರು ಅಥವಾ ಮೆತ್ತನೆಯ ನೀರು ತುಂಬಿಸಿ ಅಲ್ಕಲಿನಿಟಿ ಕಡಿಮೆ ಬಂದಿದ್ದರೆ ಅಡುಗೆ ಸೋಡಾ ಹಾಕಿ, 10 ಪಿಪಿಎಂ ಏರಿಸಲು 840 ಗ್ರಾಂ.

ಆಸಿಡ್ ವಿಷಯದಲ್ಲಿ ಸಲುಗೆ ಬೇಡ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಬಕೆಟ್‌ನಲ್ಲಿ ಮೊದಲು ನೀರು, ಆಮೇಲೆ ಆಸಿಡ್, ಯಾವತ್ತೂ ಇದೇ ಕ್ರಮ. ಆಸಿಡ್ ಮತ್ತು ಕ್ಲೋರಿನ್ ಒಟ್ಟಿಗೆ ಸೇರಿದರೆ ವಿಷಗಾಳಿ ಏಳುತ್ತದೆ. ಒಂದೇ ಬಕೆಟ್, ಒಂದೇ ಮಗ್ ಬಳಸಬೇಡಿ, ಎರಡನ್ನೂ ಒಂದೇ ಕಡೆ ಇಡಬೇಡಿ. ಪೂಲ್ ನೋಡಿಕೊಳ್ಳುವ ಹುಡುಗನಿಗೂ ಇದನ್ನು ಎದುರಿಗೆ ನಿಂತು ತೋರಿಸಿ. ಬಾಯಿಮಾತಿನಲ್ಲಿ ಹೇಳಿ ಬಿಡಬೇಡಿ.

ಪಿಎಚ್ 7.4ರಿಂದ 7.6ರ ಒಳಗಿರಲಿ. ಹೊಸ ಪೂಲ್‌ನಲ್ಲಿ ಸಿಮೆಂಟ್ ಗ್ರೌಟ್ ಅಥವಾ ಪ್ಲಾಸ್ಟರ್ ಇನ್ನೂ ಹಸಿಯಾಗಿರುತ್ತದೆ, ಅದರಿಂದ ಸುಣ್ಣ ಬಿಡುತ್ತಾ ಪಿಎಚ್ ಏರುತ್ತಲೇ ಇರುತ್ತದೆ. ಹಾಗಾಗಿ ಮೊದಲ ಕೆಲವು ವಾರ ದಿನಾ ಪರೀಕ್ಷೆ ಮಾಡಬೇಕು, ಗೋಡೆ ಮತ್ತು ತಳ ಬ್ರಷ್ ಮಾಡಬೇಕು. ಪರೀಕ್ಷೆ ಅಂದಾಗ ಒಂದು ಮಾತು. ಅಂಗಡಿಯಲ್ಲಿ ಸಿಗುವ ಹಳದಿ-ಕೆಂಪು ಹನಿಗಳ ಕಿಟ್‌ನಲ್ಲಿ ಹಳದಿ ತೋರಿಸುವುದು ಒಟ್ಟು ಕ್ಲೋರಿನ್, ಕೆಲಸಕ್ಕೆ ಬರುವ ಫ್ರೀ ಕ್ಲೋರಿನ್ ಎಷ್ಟು ಅಂತ ಅದರಲ್ಲಿ ತಿಳಿಯಲ್ಲ. ಫ್ರೀ ಕ್ಲೋರಿನ್ ಬೇರೆಯಾಗಿ ತೋರಿಸುವ ಡಿಪಿಡಿ ಕಿಟ್ ಕೊಳ್ಳಿ, ದುಡ್ಡು ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಇನ್ನು ಪಿಎಚ್ ಹನಿ ಹಾಕಿದಾಗ ಕೆಂಪಿನ ಬದಲು ನೇರಳೆ ಬಣ್ಣ ಬಂದರೆ ಪಿಎಚ್ ಏರಿದೆ ಅಂತ ಓಡಿಹೋಗಿ ಆಸಿಡ್ ಹಾಕಬೇಡಿ. ಕ್ಲೋರಿನ್ ತುಂಬಾ ಇದ್ದಾಗಲೂ ಹಾಗೇ ಕಾಣುತ್ತದೆ. ಕ್ಲೋರಿನ್ ಇಳಿದ ಮೇಲೆ ಮತ್ತೆ ನೋಡಿ.

ಗಡಸುತನ 200ರಿಂದ 400 ಇರಬೇಕು. ಕಡಿಮೆ ಇದ್ದರೆ ನೀರು ಗ್ರೌಟನ್ನೇ ತಿನ್ನುತ್ತದೆ, ಕ್ಯಾಲ್ಸಿಯಂ ಕ್ಲೋರೈಡ್ ಹಾಕಬೇಕು. ಜಾಸ್ತಿ ಇದ್ದರೆ ಇಳಿಸುವ ಪುಡಿ ಯಾವುದೂ ಇಲ್ಲ ಅಂತಲೇ ತಿಳಿಯಿರಿ, ಮೆತ್ತನೆಯ ನೀರು ಬೆರೆಸುವುದೊಂದೇ ದಾರಿ. ಅದೂ ಆಗದಿದ್ದರೆ ಪಿಎಚ್, ಅಲ್ಕಲಿನಿಟಿ ಎರಡನ್ನೂ ಕೆಳಗಿನ ಅಂಚಿನಲ್ಲೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ಸೆಲ್ ಪ್ಲೇಟುಗಳ ಮೇಲೆ ಸುಣ್ಣ ಕಟ್ಟುತ್ತದೆ.

ಬಿಸಿಲಿಗೆ ಬಿದ್ದ ಕ್ಲೋರಿನ್ ಕೆಲವೇ ಗಂಟೆಗಳಲ್ಲಿ ಹೋಗಿಬಿಡುತ್ತದೆ. ಅದನ್ನು ಉಳಿಸುವುದು ಸ್ಟೆಬಿಲೈಸರ್, ಅಂದರೆ ಸಯನ್ಯೂರಿಕ್ ಆಸಿಡ್. ಬಯಲಿನ ಪೂಲ್‌ಗೆ 60ರಿಂದ 80 ಪಿಪಿಎಂ, ನಮ್ಮ ಲೆಕ್ಕದಲ್ಲಿ 3.5 ಕೆಜಿ ಹಾಕಿದರೆ 70. ಹಳೆಯ ಕಾಲುಚೀಲದಲ್ಲಿ ತುಂಬಿ ಜೆಟ್ ಮುಂದೆ ಕಟ್ಟಿಬಿಡಿ, ಒಂದೆರಡು ದಿನದಲ್ಲಿ ನಿಧಾನವಾಗಿ ಕರಗುತ್ತದೆ. ಸ್ಟೆಬಿಲೈಸರ್ ಇಷ್ಟಿರುವಾಗ ಫ್ರೀ ಕ್ಲೋರಿನ್ 1ಕ್ಕೆ ನಿಂತರೆ ಸಾಲದು, 3-4 ಇರಲಿ. ಸೆಲ್ ಇನ್ನೂ ಶುರುವಾಗಿಲ್ಲವಲ್ಲ, ಅಲ್ಲಿಯವರೆಗೆ 10% ಲಿಕ್ವಿಡ್ ಕ್ಲೋರಿನ್ ಬಳಸಿ. ಅರ್ಧ ಲೀಟರ್‌ಗೆ 1 ಪಿಪಿಎಂ ಏರುತ್ತದೆ. ಸಂಜೆ ಹಾಕುವುದು ಒಳ್ಳೆಯದು.

ಈಗ ಉಪ್ಪು. ಗ್ರೌಟ್ ಅಥವಾ ಪ್ಲಾಸ್ಟರ್ ಹೊಸದಾಗಿದ್ದರೆ 28 ದಿನ ಕಾಯಿರಿ. ಫೈಬರ್ ಪೂಲ್‌ಗೆ ಈ ಕಾಯುವಿಕೆ ಬೇಕಿಲ್ಲ. ಎಷ್ಟು ಉಪ್ಪು ಅಂತ ಮೆಷಿನ್ ಪುಸ್ತಕದಲ್ಲಿ ಬರೆದಿರುತ್ತದೆ, ಸಾಮಾನ್ಯವಾಗಿ 3,200 ಪಿಪಿಎಂ ಆಸುಪಾಸು. ಸಮುದ್ರದ ನೀರಿನಲ್ಲಿ 35,000 ಇರುತ್ತದೆ, ಅದಕ್ಕೆ ಹೋಲಿಸಿದರೆ ಹತ್ತನೇ ಒಂದು ಪಾಲೂ ಇಲ್ಲ. 50,000 ಲೀಟರ್‌ಗೆ 160 ಕೆಜಿ ಬೇಕು, ಆದರೆ ಬೋರ್‌ವೆಲ್ ನೀರಲ್ಲೇ ಸ್ವಲ್ಪ ಇರುತ್ತದೆ, ಜೊತೆಗೆ ತಿಂಗಳಿಡೀ ಹಾಕಿದ ಆಸಿಡ್ ಮತ್ತು ಲಿಕ್ವಿಡ್ ಕ್ಲೋರಿನ್‌ನಿಂದಲೂ ಒಂದಷ್ಟು ಸೇರಿರುತ್ತದೆ. ಅಳೆದ ಮೇಲೆ ಕಳೆದು ಹಾಕಿ. 500 ಇದ್ದರೆ 135 ಕೆಜಿ ಸಾಕು. ಜಾಸ್ತಿಯಾದರೆ ನೀರು ಹೊರಹಾಕದೆ ಬೇರೆ ದಾರಿಯಿಲ್ಲ. ಅಡುಗೆಯ ಅಯೋಡಿನ್ ಉಪ್ಪೂ ಬೇಡ, ಮಣ್ಣು ಬೆರೆತ ಕಲ್ಲುಪ್ಪೂ ಬೇಡ. ಅಯೋಡಿನ್ ಹಾಕದ, ಶುದ್ಧ ಮಾಡಿದ, 99%ಗಿಂತ ಮೇಲಿನ ಉಪ್ಪು ಕೇಳಿ ತನ್ನಿ. ಸೆಲ್ ಆಫ್ ಮಾಡಿ, ಪಂಪ್ ಓಡುತ್ತಿರುವಾಗ ಸುತ್ತಲೂ ಚೆಲ್ಲಿ, ತಳದಲ್ಲಿ ಗುಡ್ಡೆಯಾಗದಂತೆ ಬ್ರಷ್ ಮಾಡಿ. 24 ಗಂಟೆ ಪಂಪ್ ಓಡಲಿ, ಮತ್ತೆ ಅಳೆಯಿರಿ, ಆಮೇಲೆ ಸೆಲ್ ಆನ್ ಮಾಡಿ.

ಶುರುವಿಗೆ ಸೆಲ್‌ನ ಕ್ಲೋರಿನ್ ಉತ್ಪಾದನೆಯನ್ನು 50%ರಲ್ಲಿ ಇಟ್ಟು ದಿನಕ್ಕೆ 8 ಗಂಟೆ ಓಡಿಸಿ. ಒಂದು ವಾರ ದಿನಾ ಸಂಜೆ ಒಂದೇ ಹೊತ್ತಿಗೆ ಕ್ಲೋರಿನ್ ನೋಡಿ, ಇಳಿಯುತ್ತಿದ್ದರೆ 10% ಏರಿಸಿ, ಏರುತ್ತಿದ್ದರೆ ಇಳಿಸಿ. ಮಳೆಗಾಲದಲ್ಲಿ ನೀರು ತುಂಬಿ ಹೊರಗೆ ಹರಿದಾಗ, ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯುವುದು) ಮಾಡಿದಾಗ ಮಾತ್ರ ಉಪ್ಪು ಕಡಿಮೆಯಾಗುತ್ತದೆ. ಬಿಸಿಲಿಗೆ ಆವಿಯಾಗುವುದು ನೀರು, ಉಪ್ಪಲ್ಲ. ಆದ್ದರಿಂದ ಬೇಸಿಗೆಯಲ್ಲಿ ಮಟ್ಟ ಇಳಿದಿದೆ ಅಂತ ಉಪ್ಪಿನ ಮೂಟೆ ಬಿಚ್ಚಬೇಡಿ, ನೀರಷ್ಟೇ ಬಿಡಿ. ಮೂರು ತಿಂಗಳಿಗೊಮ್ಮೆ ಸೆಲ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಪ್ಲೇಟುಗಳ ನಡುವೆ ಬಿಳಿ ಪೊರೆ ಕಂಡರೆ ನಾಲ್ಕು ಪಾಲು ನೀರಿಗೆ ಒಂದು ಪಾಲು ಆಸಿಡ್ ಬೆರೆಸಿ ತೊಳೆಯಿರಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆದರೆ ಪ್ಲೇಟಿನ ಲೇಪನ ಕಿತ್ತುಬರುತ್ತದೆ, ಆಮೇಲೆ ಹೊಸ ಸೆಲ್ ತರಬೇಕಾಗುತ್ತದೆ.