ದೀಪ ಕಂಡಿತು ಅಂತ ಇಳಿಯಬಾರದು

ಬೆಂಗಳೂರಿನ ಜಕ್ಕೂರು ವಿಮಾನ ತರಬೇತಿ ನಿಲ್ದಾಣದ ಪಕ್ಕದಲ್ಲೇ ಬೆಳೆದವನು ನಾನು. ಮಹಡಿ ಮೇಲೆ ನಿಂತು ಸಣ್ಣ ವಿಮಾನಗಳು ಇಳಿಯುವುದನ್ನು ನೋಡಿ ನೋಡಿಯೇ ಈ ಹುಚ್ಚು ಹತ್ತಿತು. ಆದರೆ ರಾತ್ರಿ ಹಾರಲು ಕಲಿತದ್ದು ಅಮೆರಿಕದ ಅರಿಜೋನಾದಲ್ಲಿ. ನಮ್ಮಲ್ಲಿ ರಾತ್ರಿ ಹೊತ್ತು ಬರೀ ಕಣ್ಣಳತೆಯಲ್ಲಿ ಹಾರಲು ಸಾಮಾನ್ಯವಾಗಿ ಅವಕಾಶ ಇಲ್ಲ. ನಿಲ್ದಾಣದ ಆಸುಪಾಸಿನ ಹಾರಾಟ, ತರಬೇತಿ ಅಂತ ಎಟಿಸಿ (ವಿಮಾನ ಸಂಚಾರ ನಿಯಂತ್ರಣದವರು) ಒಪ್ಪಿದರೆ ಮಾತ್ರ ಉಂಟು. ಅಮೆರಿಕದಲ್ಲಿ ಖಾಸಗಿ ಪೈಲಟ್ ಲೈಸೆನ್ಸ್‌ಗೇ 3 ಗಂಟೆ ರಾತ್ರಿ ತರಬೇತಿ, 10 ಲ್ಯಾಂಡಿಂಗ್ ಬೇಕು.

ಅವತ್ತು ಚಂದ್ರ ಇರಲಿಲ್ಲ. ಸೆಸ್ನಾ 172, ಪಕ್ಕದಲ್ಲಿ ನನ್ನ ಇನ್‌ಸ್ಟ್ರಕ್ಟರ್. ರನ್‌ವೇ ದೀಪಗಳು ದೂರದಿಂದಲೇ ಚೆನ್ನಾಗಿ ಕಂಡವು. ಸಮಾಧಾನವಾಯಿತು. ಪವರ್ ಇಳಿಸಿ ಕೆಳಗೆ ಬರತೊಡಗಿದೆ. ಸ್ವಲ್ಪ ಹೊತ್ತಿಗೆ ನಮ್ಮ ಕಡೆ ತುದಿಯ ಎರಡು ದೀಪ ಮಿಣುಕಿದವು. ಆಮೇಲೆ ಕಾಣಲಿಲ್ಲ.

"ಫುಲ್ ಪವರ್. ಮೇಲಕ್ಕೆ!" ಅಂದರು ಅವರು.

ದೀಪ ಆರಿರಲಿಲ್ಲ. ನಮಗೂ ದೀಪಕ್ಕೂ ನಡುವೆ ಒಂದು ಗುಡ್ಡ ಇತ್ತು.

ಸುತ್ತ ಕತ್ತಲೆ, ಎದುರಿಗೆ ರನ್‌ವೇ ದೀಪ ಮಾತ್ರ. ಇದನ್ನು ಬ್ಲ್ಯಾಕ್ ಹೋಲ್ ಅಪ್ರೋಚ್ ಅನ್ನುತ್ತಾರೆ. ಇರುವುದಕ್ಕಿಂತ ಜಾಸ್ತಿ ಎತ್ತರದಲ್ಲಿದ್ದೇವೆ ಅಂತ ಕಣ್ಣು ಹೇಳುತ್ತದೆ. ಅದನ್ನು ನಂಬಿ ಕೈ ವಿಮಾನವನ್ನು ಇನ್ನೂ ಕೆಳಗೆ ಇಳಿಸುತ್ತದೆ.

ಅವತ್ತಿಂದ ಒಂದು ಅಭ್ಯಾಸ ಮಾಡಿಕೊಂಡೆ. ಹಗಲಲ್ಲೇ ಚಾರ್ಟ್ (ಪೈಲಟ್‌ಗಳ ನಕ್ಷೆ) ಹರಡಿಕೊಂಡು, ದಾರಿಯ ಆಚೀಚೆ 8 ಕಿಲೋಮೀಟರ್ ಒಳಗಿನ ಅತಿ ಎತ್ತರದ ಗುಡ್ಡವನ್ನೋ ಟವರನ್ನೋ ಹುಡುಕುತ್ತೇನೆ. ಅದಕ್ಕೆ 1,000 ಅಡಿ ಸೇರಿಸುತ್ತೇನೆ, ಬೆಟ್ಟದ ಸೀಮೆಯಾದರೆ 2,000. ಆ ಅಂಕಿಯನ್ನು ತೊಡೆಯ ಮೇಲಿನ ಹಲಗೆಯ ಹಾಳೆಯಲ್ಲಿ ಕಪ್ಪು ಶಾಯಿಯಲ್ಲಿ ದಪ್ಪಗೆ ಬರೆಯುತ್ತೇನೆ. ಕಾಕ್‌ಪಿಟ್‌ನ ಕೆಂಪು ಬೆಳಕಲ್ಲಿ ಕೆಂಪು ಶಾಯಿ ಕಾಣುವುದೇ ಇಲ್ಲ. ನಿಲ್ದಾಣದ ನೆತ್ತಿಗೆ ಬರುವ ತನಕ, ದೀಪ ಎಷ್ಟೇ ಚೆನ್ನಾಗಿ ಕಾಣಲಿ, ಆ ಅಂಕಿಗಿಂತ ಕೆಳಗೆ ಹೋಗುವುದಿಲ್ಲ. ಅಲ್ಲೇ ಸುತ್ತು ಹಾಕುತ್ತಾ ಇಳಿಯುತ್ತೇನೆ. ಹತ್ತು ನಿಮಿಷ ಜಾಸ್ತಿ ಹಿಡಿಯಲಿ, ಏನೀಗ? ಎತ್ತರ ತೋರಿಸುವ ಅಲ್ಟಿಮೀಟರ್‌ಗೆ ಹೊಂದಿಸಬೇಕಾದ ಗಾಳಿಯ ಒತ್ತಡದ ಅಂಕಿಯನ್ನು ಇಳಿಯುವ ಮೊದಲು ಮತ್ತೊಮ್ಮೆ ಕೇಳಿಕೊಳ್ಳುತ್ತೇನೆ.

ಕೊನೆಗೆ ರನ್‌ವೇಗೆ ನೇರವಾಗಿ, ಹತ್ತಿರ ಬಂದ ಮೇಲೆ ಮಾತ್ರ ಪಾಪಿ (PAPI) ದೀಪಗಳನ್ನು, ಅಂದರೆ ಇಳಿಯುವ ಎತ್ತರ ಸರಿಯಿದೆಯೇ ಅಂತ ತೋರಿಸುವ ರನ್‌ವೇ ಪಕ್ಕದ ನಾಲ್ಕು ದೀಪಗಳನ್ನು, ನಂಬುವುದು. ಎರಡು ಬಿಳಿ, ಎರಡು ಕೆಂಪು ಇದ್ದರೆ ಸರಿ. ನಾಲ್ಕೂ ಕೆಂಪಾದರೆ ತೀರಾ ಕೆಳಗಿದ್ದೇನೆ ಅಂತ; ಯೋಚನೆ ಮಾಡದೆ ಮೇಲೆ ಹೋಗಿ ಮತ್ತೆ ಬರುತ್ತೇನೆ. ಪಾಪಿ ಇಲ್ಲದ ಕಡೆ ಲೆಕ್ಕ ಹೀಗೆ: ಒಂದು ನಾಟಿಕಲ್ ಮೈಲಿಗೆ (ಸುಮಾರು 1.85 ಕಿಲೋಮೀಟರ್) 300 ಅಡಿ ಎತ್ತರ. 3 ಮೈಲಿ ದೂರದಲ್ಲಿ ರನ್‌ವೇಗಿಂತ 900 ಅಡಿ ಮೇಲಿರಬೇಕು, 2 ಮೈಲಿಯಲ್ಲಿ 600.

ಮೊನ್ನೆ ತಂಗಿ ಮಗ ಮನೆಗೆ ಬಂದಿದ್ದ. ಮುಂದಿನ ತಿಂಗಳು ತರಬೇತಿಗೆ ಹೊರಡುತ್ತಿದ್ದಾನೆ. ಊಟದ ಮೇಜಿನ ಮೇಲೆ ಚಾರ್ಟ್ ಬಿಡಿಸಿ ನಂದಿ ಬೆಟ್ಟ ತೋರಿಸಿದೆ. ದೇವನಹಳ್ಳಿ ರನ್‌ವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ, ಬೆಟ್ಟದ ತುದಿ ಸುಮಾರು 4,850.

"ಹಾಗಾದ್ರೆ ಇಲ್ಲಿ 6,850, ಅಲ್ವಾ ಮಾವ?"

"6,900 ಅಂತ ಬರ್ಕೋ," ಅಂದು ಕಪ್ಪು ಪೆನ್ ಕೊಟ್ಟೆ.