ಪಂಪಿನ ವಯರಿನಲ್ಲಿ ಪೋಲಾಗುವ ವಿದ್ಯುತ್ ಎಷ್ಟು? ಅಳೆದು ಲೆಕ್ಕ ಹಾಕುವ ಬಗೆ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಎಷ್ಟೋ ಅಡಿಕೆ ತೋಟಗಳಲ್ಲಿ ಮನೆ ಗುಡ್ಡದ ಬದಿಗಿದ್ದರೆ ಕೆರೆ ತೋಟದ ತಗ್ಗಿನಲ್ಲಿರುತ್ತದೆ. ಮೈನ್ ಬೋರ್ಡು ಮನೆಯಲ್ಲಿ, ಪಂಪು ನೂರೈವತ್ತು ಮೀಟರ್ ಕೆಳಗೆ. ಫೆಬ್ರವರಿ ಕಳೆದು ಸ್ಪ್ರಿಂಕ್ಲರ್ ಸರಿಯಾಗಿ ತಿರುಗದಿದ್ದರೆ ವೋಲ್ಟೇಜ್ ಇಲ್ಲ ಎಂದು ಎಲ್ಲರೂ ಲೈನನ್ನೇ ದೂರುತ್ತಾರೆ. ಲೈನಿನಲ್ಲಿ ಕಮ್ಮಿಯಿರುವುದೂ ಉಂಟು. ಆದರೆ ಬೋರ್ಡಿನವರೆಗೆ ಬಂದದ್ದರಲ್ಲಿ ನಮ್ಮದೇ ವಯರು ತಿಂದುಹಾಕುವುದೆಷ್ಟು ಎಂದು ಅಳೆದು ನೋಡಿದವರು ಕಡಿಮೆ.

ಬೇಕಾದ ಸೂತ್ರ ಎರಡೇ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ಸಿಗುತ್ತದೆ, ಓಮ್‌ಗಳಲ್ಲಿ. ಎರಡನ್ನು ಗುಣಿಸಿದರೆ ಶಕ್ತಿ, ವ್ಯಾಟ್‌ಗಳಲ್ಲಿ. ಮೊದಲನೆಯದನ್ನು ಜರ್ಮನಿಯ ಗಿಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ.

ಈ ಲೆಕ್ಕವನ್ನು ನೇರವಾಗಿ ಮೋಟಾರಿಗೆ ಹಚ್ಚಬೇಡಿ. ಓಡುವ ಮೋಟಾರಿನ ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಬರುವ ಸಂಖ್ಯೆ ಅದರ ಸುರುಳಿಯ ರೋಧವಲ್ಲ. ಎಸಿ ಕರೆಂಟಿನಲ್ಲಿ ಸುರುಳಿಯ ಕಾಂತಕ್ಷೇತ್ರವೂ ಪ್ರವಾಹವನ್ನು ತಡೆಯುತ್ತದೆ. ಗುಣಿಸಿದರೂ ನಿಜವಾದ ವ್ಯಾಟ್ ಬರುವುದಿಲ್ಲ, ಪವರ್ ಫ್ಯಾಕ್ಟರಿನಿಂದ (ಆ ಗುಣಲಬ್ಧದಲ್ಲಿ ನಿಜವಾಗಿ ಬಳಕೆಯಾಗುವ ಪಾಲು, ಒಂದಕ್ಕಿಂತ ಕಡಿಮೆ) ಮತ್ತೊಮ್ಮೆ ಗುಣಿಸಬೇಕು. ಹಾಗಾಗಿ ವಯರನ್ನು ಪರೀಕ್ಷಿಸಲು ನೀರು ಕಾಯಿಸುವ 1500 ವ್ಯಾಟಿನ ಇಮ್ಮರ್ಶನ್ ರಾಡ್ ಒಳ್ಳೆಯದು. ಅದರಲ್ಲಿರುವ ನೈಕ್ರೋಮ್ ತಂತಿಯ ರೋಧ ಬಿಸಿಯಾದರೂ ಹೆಚ್ಚು ಬದಲಾಗುವುದಿಲ್ಲ. ಹಳೆಯ 60 ವ್ಯಾಟಿನ ಬಲ್ಬು ಇದಕ್ಕೆ ಆಗದು: ಉರಿಯುವಾಗ 880 ಓಮ್ ಇರುವ ಅದರ ತಂತಿ ತಣ್ಣಗಿದ್ದಾಗ ಅದರ ಹತ್ತರಲ್ಲೊಂದು ಪಾಲೂ ಇರುವುದಿಲ್ಲ.

ಎರಡು ಮಲ್ಟಿಮೀಟರ್, ಒಂದು ಎಸಿ ಕ್ಲಾಂಪ್ ಮೀಟರ್ (ತಂತಿಯನ್ನು ಕತ್ತರಿಸದೆ ಸುತ್ತ ಹಿಡಿದು ಆಂಪಿಯರ್ ಅಳೆಯುವಂಥದ್ದು) ಮತ್ತು ಇನ್ನೊಬ್ಬರ ಸಹಾಯ ಬೇಕು. ಮೊದಲು ಎರಡೂ ಮಲ್ಟಿಮೀಟರನ್ನು ಒಂದೇ ಪ್ಲಗ್ಗಿಗೆ ಹಿಡಿದು ಒಂದೇ ಸಂಖ್ಯೆ ತೋರಿಸುತ್ತವೆಯೇ ನೋಡಿ. ಒಂದು ವೋಲ್ಟ್ ವ್ಯತ್ಯಾಸವಿದ್ದರೆ ಬರೆದಿಟ್ಟು ಕೊನೆಗೆ ಕಳೆಯಿರಿ. ಕೆಂಪು ವಯರು 10 ಆಂಪಿಯರಿನ ತೂತಿನಲ್ಲಿದ್ದಾಗ ವೋಲ್ಟ್ ಅಳೆಯಲು ಹೋದರೆ ನೇರ ಶಾರ್ಟ್ ಸರ್ಕ್ಯೂಟ್, ಮೀಟರ್ ಕೈಯಲ್ಲೇ ಸಿಡಿಯಬಹುದು. ಕರೆಂಟಿರುವ ಲೈನಿಗೆ ಓಮ್ ಸ್ಥಾನದಲ್ಲಿ ಮುಟ್ಟಿಸುವುದೂ ಬೇಡ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಲ್ಲಬೇಡಿ, ಬೋರ್ಡು ಬಿಚ್ಚುವ ಕೆಲಸ ಎಲೆಕ್ಟ್ರಿಷಿಯನ್ನರಿಗೇ ಇರಲಿ.

ಪಂಪಿನ ಸ್ವಿಚ್ ಆಫ್ ಮಾಡಿ. ಪಂಪ್ ಶೆಡ್ಡಿನ 16 ಆಂಪಿಯರಿನ ಪ್ಲಗ್ಗಿಗೆ ರಾಡ್ ಸಿಕ್ಕಿಸಿ. ಅದಕ್ಕೆ ಮೊದಲೇ ರಾಡ್ ನೀರಿನ ಬಕೆಟ್ಟಿನಲ್ಲಿ ಮುಳುಗಿರಬೇಕು, ನೀರಿಲ್ಲದೆ ಹಾಕಿದರೆ ನಿಮಿಷದೊಳಗೆ ಸುಟ್ಟುಹೋಗುತ್ತದೆ. ಉರಿಯುವಷ್ಟು ಹೊತ್ತು ನೀರಿಗೆ ಕೈ ಹಾಕಬೇಡಿ. ಕ್ಲಾಂಪ್ ಮೀಟರಿನ ದವಡೆಯೊಳಗೆ ಒಂದೇ ತಂತಿ ಬರಬೇಕು. ಎರಡು ಕೋರಿನ ಕೇಬಲ್ಲನ್ನು ಇಡಿಯಾಗಿ ಹಿಡಿದರೆ ಹೋಗುವ, ಬರುವ ಪ್ರವಾಹಗಳು ಒಂದನ್ನೊಂದು ಅಳಿಸಿ ಸೊನ್ನೆ ತೋರಿಸುತ್ತದೆ. ಲೈನ್ ವೋಲ್ಟೇಜ್ ಗಳಿಗೆಗೊಂದು ಬಗೆ ಇರುವುದರಿಂದ ಫೋನಿನಲ್ಲಿ ಮಾತಾಡಿಕೊಂಡು ಎರಡೂ ತುದಿಯಲ್ಲಿ ಒಂದೇ ಹೊತ್ತಿಗೆ ಓದಿ. ಮೂರು ಸಲ ಓದಿ ಸರಾಸರಿ ತೆಗೆಯಿರಿ.

ಬೋರ್ಡಿನಲ್ಲಿ 222 ವೋಲ್ಟ್, ಶೆಡ್ಡಿನಲ್ಲಿ 209.6 ವೋಲ್ಟ್, ಕ್ಲಾಂಪಿನಲ್ಲಿ 5.9 ಆಂಪಿಯರ್ ಬಂತೆನ್ನಿ. ರಾಡಿನ ರೋಧ 209.6 ÷ 5.9, ಅಂದರೆ 35.5 ಓಮ್. ಅದರ ಶಕ್ತಿ 209.6 × 5.9, ಸುಮಾರು 1237 ವ್ಯಾಟ್. 1500 ಎಂಬುದು 230 ವೋಲ್ಟಿಗೆ ಬರೆದ ಲೆಕ್ಕ. ದಾರಿಯಲ್ಲಿ ಇಳಿದದ್ದು 12.4 ವೋಲ್ಟ್. ಅದನ್ನು 5.9ರಿಂದ ಭಾಗಿಸಿದರೆ ವಯರಿನ ರೋಧ 2.1 ಓಮ್.

ಇಷ್ಟು ರೋಧ ಸಹಜವೋ ಅಲ್ಲವೋ? ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ 0.0172 ಓಮ್ ರೋಧ. ಶೆಡ್ಡು 150 ಮೀಟರ್ ದೂರವಿದ್ದರೆ ಹೋಗಿ ಬರಲು 300 ಮೀಟರ್. ಈ ಇಮ್ಮಡಿಯನ್ನು ಮರೆಯುವವರೇ ಹೆಚ್ಚು. ಎರಡೂವರೆ ಸ್ಕ್ವೇರಿನ (ಚದರ ಮಿಲಿಮೀಟರಿನ) ವಯರಾದರೆ 300 × 0.0172 ÷ 2.5, ಅಂದರೆ 2.06 ಓಮ್. ಅಳೆದದ್ದಕ್ಕೆ ತಾಳೆಯಾಯಿತು, ವಯರಿನಲ್ಲಿ ದೋಷವಿಲ್ಲ, ಅದು ಸಪೂರವಷ್ಟೇ.

ಅಳತೆಯಲ್ಲಿ 3 ಓಮ್ ಬಂದಿದ್ದರೆ ಮಾತು ಬೇರೆ. ಹೆಚ್ಚಿನ 0.9 ಓಮ್ ಯಾವುದೋ ಜಾಯಿಂಟಿನಲ್ಲಿ ಕುಳಿತಿದೆ. ಪಂಪು 9 ಆಂಪಿಯರ್ ಎಳೆಯುವಾಗ ಆ ಒಂದು ಗಂಟಿನಲ್ಲಿ 9 × 9 × 0.9, ಸುಮಾರು 73 ವ್ಯಾಟ್ ಶಾಖ ಏಳುತ್ತದೆ. ಟೇಪು ಕಂದಾಗಿ ಅಂಟಂಟಾಗಿರುವುದು, ಬಿಡಿಸಿದರೆ ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿರುವುದು, ಪ್ಲಾಸ್ಟಿಕ್ ಹೊದಿಕೆ ಗಟ್ಟಿಯಾಗಿ ಬಿರಿದಿರುವುದು ಇದರ ಗುರುತು. ಅಲ್ಯೂಮಿನಿಯಂ ತಂತಿಗೆ ತಾಮ್ರವನ್ನು ಬರಿದೇ ತಿರುಚಿ ಕಟ್ಟಿದ ಕಡೆ ನಮ್ಮ ಮಳೆಗಾಲದಲ್ಲಿ ಇದು ಬೇಗ ಆಗುತ್ತದೆ. ಮೈನ್ ಆಫ್ ಮಾಡಿಸಿ, ಆ ಭಾಗ ಕತ್ತರಿಸಿ, ಎರಡು ಲೋಹಕ್ಕೂ ಹೊಂದುವ ಕನೆಕ್ಟರ್ ಹಾಕಿಸಿ.

ಇನ್ನು ಪಂಪಿನ ಲೆಕ್ಕ. ರೋಧ ಗೊತ್ತಿದ್ದರೆ ವಯರಿನಲ್ಲಾಗುವ ನಷ್ಟಕ್ಕೆ ಪವರ್ ಫ್ಯಾಕ್ಟರ್ ಬೇಕಿಲ್ಲ. ಆಂಪಿಯರನ್ನು ಆಂಪಿಯರಿನಿಂದಲೇ ಗುಣಿಸಿ ರೋಧದಿಂದ ಗುಣಿಸಿದರಾಯಿತು. ಒಂದೂವರೆ ಎಚ್‌ಪಿ ಪಂಪು 9 ಆಂಪಿಯರ್ ಎಳೆದರೆ 9 × 9 × 2.1, ಅಂದರೆ 170 ವ್ಯಾಟ್. ದಿನಕ್ಕೆ 5 ಗಂಟೆಯಂತೆ 120 ದಿನ ಓಡಿದರೆ 102 ಯೂನಿಟ್. ಮೋಟಾರಿನ ನಿಜವಾದ ಬಳಕೆ ತಿಳಿಯಲು ಮನೆಯ ಉಳಿದೆಲ್ಲ ಸ್ವಿಚ್ ಆರಿಸಿ ಮೀಟರಿನ ಕೆಂಪು ದೀಪ ನಿಮಿಷಕ್ಕೆ ಎಷ್ಟು ಸಲ ಮಿನುಗುತ್ತದೆ ಎಣಿಸಿ. ಯೂನಿಟ್ಟಿಗೆ 3200 ಎಂದು ಬರೆದ ಮೀಟರಿನಲ್ಲಿ 93 ಬಂದರೆ 93 × 60 ÷ 3200, ಸುಮಾರು 1.74 ಕಿಲೋವ್ಯಾಟ್. ಅದರಲ್ಲಿ ವಯರಿನ 170 ವ್ಯಾಟ್ ಕಳೆದರೆ ಉಳಿದದ್ದು ಮೋಟಾರಿನದ್ದು.

ಇದೇ ದೂರಕ್ಕೆ 6 ಸ್ಕ್ವೇರಿನ ತಾಮ್ರ ಎಳೆದರೆ ರೋಧ 0.86 ಓಮ್, ನಷ್ಟ 70 ವ್ಯಾಟ್. ವರ್ಷಕ್ಕೆ 60 ಯೂನಿಟ್ ಉಳಿತಾಯ. ಇಷ್ಟಕ್ಕಾಗಿಯೇ ಕೇಬಲ್ ಬದಲಿಸುವುದು ಲಾಭವಲ್ಲ. ಲಾಭವಿರುವುದು ಮೋಟಾರಿನ ಬದಿಯಲ್ಲಿ: ಪವರ್ ಫ್ಯಾಕ್ಟರ್ 0.9ರಷ್ಟಿದ್ದರೆ 9 × 2.1 × 0.9, ಸುಮಾರು 17 ವೋಲ್ಟ್ ಇಳಿಯುತ್ತಿದ್ದ ಕಡೆ 7 ಮಾತ್ರ ಇಳಿಯುತ್ತದೆ. ಲೈನೇ 200ಕ್ಕೆ ಬಿದ್ದ ಸಂಜೆ ಮೋಟಾರಿಗೆ 183ರ ಬದಲು 193 ಸಿಕ್ಕರೆ ಸ್ಟಾರ್ಟ್ ಆಗದೆ ಗುಂಯ್‌ಗುಟ್ಟಿ ಸುರುಳಿ ಸುಡುವ ಅಪಾಯ ಕಡಿಮೆ.