ಕಲ್ಯಾಣ ಮಂಟಪಕ್ಕೆ ಜೋಂಬಿಗಳು ಬಂದಾಗ: ನನ್ನ ಅನುಭವ

ನಮ್ಮ ಹವ್ಯಾಸಿ ರಂಗತಂಡದವರೇ ಸೇರಿ ಜೋಂಬಿಗಳ, ಅಂದರೆ ಸತ್ತ ಮೇಲೂ ಎದ್ದು ನಡೆದಾಡುವ ಹೆಣಗಳ, ಹಾಸ್ಯದ ಕಿರುಚಿತ್ರವೊಂದನ್ನು ಮಾಡಲು ಹೊರಟಾಗ, ನಿರ್ದೇಶಕನಾಗಿ ನಾನು ಎಲ್ಲಕ್ಕಿಂತ ಮೊದಲು ತೀರ್ಮಾನಿಸಿದ್ದು ನಗು ಎಲ್ಲಿಂದ ಹುಟ್ಟಬೇಕೆಂಬುದನ್ನು. ಬದುಕಿರುವವರ ನಡುವೆ ಮೊದಲಿನಿಂದಲೂ ಇದ್ದ ಮುನಿಸು, ಸಲುಗೆ, ಲೆಕ್ಕಾಚಾರಗಳೇ ಅದರ ಮೂಲವಾಗಬೇಕಿತ್ತು. ಆದ್ದರಿಂದ ಕಥೆಯನ್ನು ಕಲ್ಯಾಣ ಮಂಟಪದಲ್ಲಿಟ್ಟೆವು. ಹೊರಗೆ ಜೋಂಬಿಗಳು ಬಾಗಿಲು ಬಡಿಯುತ್ತಿರುವಾಗ ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಒಂದೇ ಅಡುಗೆಮನೆಯಲ್ಲಿ ಸಿಕ್ಕಿಕೊಂಡರೆ, ಬೀಗರಿಗೆ ಸಲ್ಲಬೇಕಾದ ಮರ್ಯಾದೆ ಪ್ರಾಣದಷ್ಟೇ ದೊಡ್ಡ ವಿಷಯವಾಗಿಬಿಡುತ್ತದೆ.

ತಾರೆಯರಿಲ್ಲದ ತಂಡದಿಂದ ಇಂಥ ಚಿತ್ರ ನಿಂತೀತೇ ಎಂಬ ಅನುಮಾನವನ್ನು ಶಿನಿಚಿರೊ ಉಎಡ ಅವರ 2017ರ ಜಪಾನಿ ಚಿತ್ರ ‘ಒನ್ ಕಟ್ ಆಫ್ ದಿ ಡೆಡ್’ ಕಳೆದಿತ್ತು. ನಟನಾ ಕಾರ್ಯಾಗಾರವೊಂದರಿಂದ ಹುಟ್ಟಿ, ಹೆಸರಾಗದ ನಟರೊಂದಿಗೆ ಸುಮಾರು 30 ಲಕ್ಷ ಯೆನ್‌ಗಳಲ್ಲಿ ಮುಗಿದ ಆ ಚಿತ್ರದ ಆರಂಭದಲ್ಲಿ ಕ್ಯಾಮೆರಾ ನಿಲ್ಲಿಸದೆ ಚಿತ್ರಿಸಿದ 37 ನಿಮಿಷಗಳ ಒಂದೇ ಟೇಕ್ ಇದೆ. ಅದು ನಿಲ್ಲುವುದು ಇಡೀ ತಂಡ ಒಬ್ಬರನ್ನೊಬ್ಬರು ಆತುಕೊಂಡಿರುವ ಬಲದಿಂದ. ಹಾಗಾಗಿ ಅಡುಗೆಮನೆಯ ದೃಶ್ಯವನ್ನು ನಾವು ನಾಟಕದ ಕ್ರಮದಲ್ಲಿಯೇ, ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ತಾಲೀಮು ಮಾಡಿದೆವು. ಮಾತಿಲ್ಲದ ಪಾತ್ರಕ್ಕೂ ಮಾಡಿ ಮುಗಿಸಲೇಬೇಕಾದ ಒಂದು ಕೆಲಸವನ್ನು ಕೊಟ್ಟಿದ್ದೆ. ಬಾಗಿಲ ಅಗುಳಿ ಮುರಿದ ಕ್ಷಣದಲ್ಲಿ ಎಲ್ಲರೂ ಹಿತ್ತಿಲ ಕಡೆಗೆ ಓಡಿದರೆ, ಅಡುಗೆ ಭಟ್ಟರು ಮಾತ್ರ ಹಿಂದಿರುಗಿ ಬಂದು, ಉಕ್ಕುತ್ತಿರುವ ಸಾರಿನ ಕೆಳಗಿನ ಒಲೆಯನ್ನು ಆರಿಸಿ, ಸೌಟನ್ನು ಕೈಯಲ್ಲಿ ಹಿಡಿದು ಹೊರಡುತ್ತಾರೆ. ಆ ನಟರಿಗೆ ನಾನು ಹೇಳಿದ್ದು, ಸಾರು ಹಾಳಾಗಬಾರದೆಂಬ ಕಾಳಜಿ ನಿಮಗೆ ನಿಜವಾಗಿಯೂ ಇರಲಿ ಎಂದು ಮಾತ್ರ. ಕ್ಯಾಮೆರಾವನ್ನು ದೂರದಲ್ಲಿಟ್ಟು ಎಲ್ಲರನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದೆವು. ಒಬ್ಬರು ಮಾತಾಡುವಾಗ ಉಳಿದವರು ಕೇಳಿಸಿಕೊಳ್ಳುವ ಬಗೆಯಲ್ಲಿಯೇ ಅರ್ಧ ನಗು ಇರುವುದರಿಂದ, ಮುಖಗಳನ್ನು ಒಂದೊಂದಾಗಿ ಸಮೀಪದಿಂದ ತೋರಿಸಿದರೆ ಅದು ಸೋರಿಹೋಗುತ್ತದೆ.

ಸತ್ತವರ ಪಾತ್ರಗಳಿಗೂ ಇಷ್ಟೇ ಗಮನ ಬೇಕು. ಜಾರ್ಜ್ ರೊಮೆರೊ ಅವರ 1978ರ ‘ಡಾನ್ ಆಫ್ ದಿ ಡೆಡ್’ ಚಿತ್ರದಲ್ಲಿ ಜೋಂಬಿಗಳು ಬದುಕಿದ್ದಾಗಿನ ರೂಢಿಯ ಬಲದಿಂದಲೇ ಶಾಪಿಂಗ್ ಮಾಲ್‌ಗೆ ಬರುತ್ತವೆ. ಎಡ್ಗರ್ ರೈಟ್ ಅವರ 2004ರ ‘ಶಾನ್ ಆಫ್ ದಿ ಡೆಡ್’ನಲ್ಲಿ ಬಿಲ್ ನೈ ನಟಿಸಿದ ಮಲತಂದೆ, ಜೋಂಬಿಯಾದ ಮೇಲೂ ಕಾರಿನಲ್ಲಿ ಅಬ್ಬರಿಸುತ್ತಿರುವ ಸಂಗೀತವನ್ನು ನಿಲ್ಲಿಸುತ್ತಾನೆ, ಅದಕ್ಕೆ ತುಸು ಮೊದಲು ಅವನು ಮಲಮಗನೊಂದಿಗೆ ಆಡುವ ಕೊನೆಯ ಮಾತುಗಳಲ್ಲಿ ಹಾಸ್ಯದ ಸುಳಿವೂ ಇಲ್ಲ. ಇಂಥ ಚಿತ್ರಗಳಲ್ಲಿ ನಾನು ಅತ್ಯಂತ ಮೆಚ್ಚುವ ದೃಶ್ಯವಿದು. ನಮ್ಮಲ್ಲಿ ಮುಯ್ಯಿ ಬರೆದುಕೊಳ್ಳುವ ಹಿರಿಯರು ಜೋಂಬಿಯಾದರೂ ಮೇಜು ಬಿಟ್ಟು ಏಳುವುದಿಲ್ಲ. ಎದುರಿಗೆ ಬಂದವರತ್ತ ಎಡಗೈ ಚಾಚಿ, ಬಲಗೈಯಲ್ಲಿ ಪುಸ್ತಕದ ಮೇಲೆ ಗೀಚುತ್ತಲೇ ಇರುತ್ತಾರೆ.

ನರಳುವ ದನಿಗಾಗಿ ಉಸಿರನ್ನು ಒಳಗೆಳೆದುಕೊಳ್ಳುತ್ತ ಸದ್ದು ಮಾಡುವ ಅಭ್ಯಾಸ ಮಾಡಿಸಿದೆ. ರಕ್ತಕ್ಕೆ ಬೇಕರಿಯವರು ಬಳಸುವ ಲಿಕ್ವಿಡ್ ಗ್ಲೂಕೋಸನ್ನು ನೀರಿನಲ್ಲಿ ತೆಳುವಾಗಿಸಿ, ತಿನ್ನುವ ಕೆಂಪು ಬಣ್ಣವನ್ನೂ ಚಿಟಿಕೆ ಕೋಕೋ ಪುಡಿಯನ್ನೂ ಕಲಸಿದೆವು. ಕೋಕೋ ಇಲ್ಲದಿದ್ದರೆ ದೀಪದ ಬೆಳಕಿನಲ್ಲಿ ಅದು ಶರಬತ್ತಿನ ಹಾಗೆ ಪಾರದರ್ಶಕವಾಗಿ ಕಾಣುತ್ತದೆ. ಬಟ್ಟೆಗೆ ಬಳಿಯುವ ರಕ್ತಕ್ಕೆ ಪಾತ್ರೆ ತೊಳೆಯುವ ದ್ರವದ ಕೆಲವು ಹನಿ ಸೇರಿಸಿದರೆ ಒಗೆಯುವಾಗ ಕಲೆ ಬಿಡಿಸುವುದು ಸುಲಭ. ಆದರೂ ರೇಷ್ಮೆಯ ಬದಲು ಹಳೆಯ ನೂಲಿನ ಸೀರೆಗಳನ್ನೇ ಉಡಿಸುವುದು ಕ್ಷೇಮ. ಬಾಯಿಯಿಂದ ಸುರಿಯಬೇಕಾದ ರಕ್ತಕ್ಕೆ ಮಾತ್ರ ಆ ದ್ರವವನ್ನು ಸೇರಿಸಕೂಡದು. ಬಾಯಿಯ ರಕ್ತವನ್ನು ಬೇರೆ ಬಾಟಲಿಯಲ್ಲಿ, ಗುರುತು ಚೀಟಿ ಅಂಟಿಸಿ ಇಡಬೇಕು.